ಒತ್ತೆ ಇಟ್ಟ ಕಾಲರ್

ಮೈಕ್ ಕೈಗೆ ಸಿಕ್ಕರೆ ಮನುಷ್ಯ ಏನು ಬೇಕಾದರೂ ಒದರಿಬಿಡುತ್ತಾನೆ. ಇದು ಇಳಕಲ್ಲಿನ ಜಾಫರಸಾಬನಿಗೆ ಗೊತ್ತಿಲ್ಲದ ಸಂಗತಿಯಲ್ಲ. ಪೆಂಡಾಲು, ಕುರ್ಚಿ, ಮೈಕ್ ಬಾಡಿಗೆಗೆ ಕೊಡುವ ಧಂದೆ ಅವನದು. ಮದುವೆಯಿಂದ ಹಿಡಿದು ಮಂತ್ರಿಗಳ ಸಭೆಯವರೆಗೆ ಎಷ್ಟೋ ಜನ ಅವನ ಮೈಕಿನಲ್ಲಿ ಬಾಯಿಗೆ ಬಂದದ್ದು ಹೇಳಿ ಇಳಿದುಹೋಗಿದ್ದಾರೆ. ಅವನು ಪೆಂಡಾಲಿನ ಕಂಬಕ್ಕೆ ಒರಗಿ ನಿಂತು ಒಳಗೊಳಗೇ ನಕ್ಕಿದ್ದಾನೆ. ಅಂಥವನು ಕಳೆದ ಚುನಾವಣೆಯಲ್ಲಿ ತಾನೇ ಮೈಕ್ ಹಿಡಿದು, ತನ್ನದೇ ಓಣಿಯಲ್ಲಿ, ತನ್ನದೇ ಕುರ್ಚಿಗಳ ಮೇಲೆ ಕೂತ ಜನರ ಮುಂದೆ ತನ್ನ ಅಂಗಿಯ ಕಾಲರನ್ನು ಒತ್ತೆ ಇಟ್ಟುಬಿಟ್ಟ.

ಬೇರೆ ದಾರಿಯೂ ಇರಲಿಲ್ಲವೆನ್ನಿ. ನೇಕಾರರೇ ಹೆಚ್ಚಿಗಿದ್ದ ಆ ಓಣಿ ಅದರ ಹಿಂದಿನ ಸಲ ಆರಿಸಿ ಕಳಿಸಿದ್ದ ಶಾಸಕ, ಗೆದ್ದ ಹಾರ ಬಾಡುವುದರೊಳಗೆ ಪಕ್ಷ ಬಿಟ್ಟು ಹಾರಿದ್ದ. ಯಾಕೆ ಹಾರಿದೆಯಪ್ಪ ಎಂದು ಕೇಳೋಣವೆಂದರೆ ಆಸಾಮಿ ಆಮೇಲೆ ಓಣಿಯ ಕಡೆ ಮುಖ ಹಾಕಲಿಲ್ಲ. ಆ ಸಿಟ್ಟು ಎಲ್ಲರಿಗೂ ಇತ್ತು, ಮಗ್ಗದ ಮಾದೇವಕ್ಕನಿಗೆ ಎಲ್ಲರಿಗಿಂತ ಹೆಚ್ಚಿತ್ತು. ಅರವತ್ತು ದಾಟಿದ ಮಾದೇವಕ್ಕ ಈಗಲೂ ದಿನಾ ಮಗ್ಗಕ್ಕೆ ಕೂಡುವವಳು. ಅವಳ ಮನೆಯ ಕಟ್ಟೆಯ ಮೇಲೆ ತೀರ್ಮಾನವಾದದ್ದು ಓಣಿಯ ತೀರ್ಮಾನ. "ಈ ಸಲ ಯಾರಿಗೂ ವೋಟ್ ಹಾಕೂದಿಲ್ಲ. ಮನ್ಯಾಗ ಕುಂತ ನಾಕ ಮೊಳ ಸೀರಿ ನೇಯ್ತೇವಿ" ಎಂದು ಅವಳು ಹೇಳಿ ಮುಗಿಸಿದ್ದಳು.

ಪಕ್ಷದ ತಾಲೂಕು ಕಾರ್ಯದರ್ಶಿಯ ಸ್ವಂತ ಓಣಿಯೇ ವೋಟ್ ಹಾಕುವುದಿಲ್ಲವೆಂದರೆ ಮರ್ಯಾದೆ ಉಳಿಯುತ್ತದೆಯೇ? ಆ ಕಾರ್ಯದರ್ಶಿ ಇದೇ ಜಾಫರಸಾಬ. ಹುಡುಗನಿದ್ದಾಗ ಹಿಡಿದ ಬಾವುಟವನ್ನು ಕೂದಲು ಬೆಳ್ಳಗಾದರೂ ಕೆಳಗಿಟ್ಟವನಲ್ಲ. "ನಿಕಾಹ್ ಆಗಿದ್ದು ನನ್ನ ಜೋಡಿನೋ ನಿಮ್ಮ ಪಾರ್ಟಿ ಜೋಡಿನೋ?" ಎಂದು ಹೆಂಡತಿ ಅಬೇದಾ ಕೇಳಿ ಕೇಳಿ ಬೇಸತ್ತು ಬಿಟ್ಟಿದ್ದಳು. ಹೊಸ ಅಭ್ಯರ್ಥಿ ಗೌತಮ ಓದಿದವನು, ಮೆತ್ತಗಿನ ಮಾತಿನವನು, ಹುನಗುಂದದವನು. ಸಭೆಯ ದಿನ ಮಾದೇವಕ್ಕ ಎದ್ದು ನಿಂತು, "ಇವನೂ ಹಾರಿದರ?" ಎಂದು ಒಂದೇ ಮಾತು ಕೇಳಿದಾಗ ಗೌತಮ ಬರೀ ನಕ್ಕ. ಆಗ ಜಾಫರಸಾಬ ಮೈಕ್ ಕಸಿದುಕೊಂಡ.

"ಹಾರಿದರ ಅವನ್ನ ಹುಡುಕಬ್ಯಾಡ್ರಿ. ನನ್ನ ಕಾಲರ್ ಹಿಡೀರಿ! ನಾ ಎಲ್ಲೂ ಹೋಗೂದಿಲ್ಲ, ಇಲ್ಲೇ ಇರ್ತೇನಿ. ನಡು ಓಣ್ಯಾಗ ಹಿಡದು ಕೇಳ್ರಿ!"

ಚಪ್ಪಾಳೆ ಬಿತ್ತು. ಓಣಿ ವೋಟ್ ಹಾಕಿತು. ಗೌತಮ ಗೆದ್ದ.

ಗೆದ್ದ ಮೇಲೆ ಕಾರ್ಯಕರ್ತರನ್ನೆಲ್ಲ ಜೀಪಿನಲ್ಲಿ ಹೇರಿಕೊಂಡು ಬಾದಾಮಿಯ ಹಾದಿ ಹಿಡಿದು ಚೊಳಚಗುಡ್ಡದ ಬನಶಂಕರಿಗೆ ಹೋದ. ಹರಕೆ ಮುಟ್ಟಿಸಿ, ಗುಡಿಯ ಹೊರಗೆ ಬುಟ್ಟಿ ಇಟ್ಟುಕೊಂಡು ಕೂತ ಹೆಣ್ಣುಮಕ್ಕಳ ಹತ್ತಿರ ಎಲ್ಲರೂ ರೊಟ್ಟಿ, ಬದನೆಕಾಯಿ ಪಲ್ಯ, ಗಟ್ಟಿ ಮೊಸರು ಹಾಕಿಸಿಕೊಂಡು ನೆಲದ ಮೇಲೆ ಕೂತು ಉಂಡರು. ಗೌತಮ ಜಾಫರಸಾಬನ ಪಕ್ಕದಲ್ಲೇ ಕೂತಿದ್ದ. ತುತ್ತು ಮುರಿಯುತ್ತ, "ಕಾಕಾ, ನಿಮ್ಮ ಕಾಲರಿಗೆ ಯಾರೂ ಕೈ ಹಚ್ಚಧಂಗ ನಡಕೋತೇನಿ. ಈ ಅನ್ನದ ಆಣಿ" ಎಂದ. ಜಾಫರಸಾಬ ತನ್ನ ಪಾಲಿನ ಮೊಸರನ್ನೂ ಅವನ ರೊಟ್ಟಿಯ ಮೇಲೆ ಸುರಿದ. ಆಣೆ ಮಾಡು ಎಂದು ಯಾರೂ ಕೇಳಿರಲಿಲ್ಲ, ತಾನಾಗಿಯೇ ಮಾಡಿದ ಹುಡುಗ. ಇಂಥವನನ್ನು ನಂಬದೆ ಇನ್ಯಾರನ್ನು ನಂಬುವುದು?

ಎರಡು ವರ್ಷ ಚೆನ್ನಾಗಿಯೇ ಹೋಯಿತು. ಆಮೇಲೆ ಒಂದು ದಿನ ಬೆಂಗಳೂರಿನಲ್ಲಿ ಸರಕಾರ ಅಲ್ಲಾಡಿತು. ಅಧಿಕಾರದಲ್ಲಿದ್ದ ಜಾಫರಸಾಬನ ಪಕ್ಷದ ಕೆಲವು ಶಾಸಕರು ಮುನಿಸಿಕೊಂಡರು, ಮುಖ್ಯಮಂತ್ರಿ ವಿಶ್ವಾಸಮತ ಕೇಳಬೇಕಾಗಿ ಬಂತು, ಟೀವಿಯವರಿಗೆ ಹಬ್ಬವಾಯಿತು. ನಾಪತ್ತೆಯಾದ ಶಾಸಕರ ಫೋಟೋಗಳನ್ನು ಸಾಲಾಗಿ ತೋರಿಸುತ್ತಿದ್ದಾಗ ನಡುವೆ ಗೌತಮನ ಮೆತ್ತಗಿನ ನಗುಮುಖವೂ ಬಂತು. ಚಹಾ ಕುಡಿಯುತ್ತಿದ್ದ ಜಾಫರಸಾಬ ಕಪ್ಪು ಕೆಳಗಿಟ್ಟ. ಫೋನು ಹಚ್ಚಿದರೆ ಸ್ವಿಚ್ ಆಫ್. ಇನ್ನೊಮ್ಮೆ ಹಚ್ಚಿದ, ಮತ್ತೊಮ್ಮೆ ಹಚ್ಚಿದ. ಅಬೇದಾ ಟೀವಿ ಬಂದ್ ಮಾಡಿದಳು.

ಮಧ್ಯಾಹ್ನ ಬಾಗಲಕೋಟೆಯಿಂದ ಪಕ್ಷದ ಜಿಲ್ಲಾಧ್ಯಕ್ಷರ ಫೋನು ಬಂತು. ವಿಶ್ವಾಸಮತದ ದಿನ ಸದನಕ್ಕೆ ಬಂದು ಸರಕಾರದ ಪರ ಮತ ಹಾಕಲೇಬೇಕೆಂದು ಪಕ್ಷ ತನ್ನ ಶಾಸಕರಿಗೆಲ್ಲ ವಿಪ್ ಕೊಟ್ಟಿದೆ. ವಿಪ್ ಎಂದರೆ ಅಪ್ಪಣೆ. ಮೀರಿದವನ ಶಾಸಕಗಿರಿಯೇ ಹೋಗಬಹುದು. ಆದರೆ ಅದು ತಲುಪಿದೆ ಎಂಬುದಕ್ಕೆ ಪುರಾವೆ ಬೇಕು. "ಆಸಾಮಿ ಕೈಗೆ ಸಿಗವಲ್ಲ ಜಾಫರಸಾಬ. ವಿಪ್ಪಿನ ಕಾಗದ ಕಳಸೇನಿ, ಹುನಗುಂದಕ್ಕ ಹೋಗಿ ಅವನ ಮನಿ ಬಾಗಲಕ್ಕ ಹಚ್ರಿ, ಫೋಟೋ ಹೊಡದ ಕಳಸ್ರಿ. ನಮ್ಮ ಕಡೆ ನಿಯತ್ತಿನ ಮನಷ್ಯಾ ಅಂದ್ರ ನೀವ ಒಬ್ರ."

ನಿಯತ್ತಿನ ಮನುಷ್ಯ ಅಂಟು ಕುದಿಸಲು ಕೂತ. ಹೊಗಳಿಕೆ ಎಷ್ಟು ಸೋವಿ, ಅದಕ್ಕೆ ನಾವು ಎಷ್ಟು ಬೇಗ ಕರಗುತ್ತೇವೆ ನೋಡಿ! ಅಂಗಡಿಯಲ್ಲಿ ಸಿಗುವ ಒಂದು ಗೋಂದಿನ ಬಾಟಲಿ ಸಾಕಿತ್ತು. ಆದರೆ ಪಕ್ಷದ ಕಾಗದ ಎಂದಕೂಡಲೇ ಅವನ ಕೈ ತಾನಾಗಿಯೇ ಹಳೆಯ ಪಾತೇಲಿಯ ಕಡೆ ಹೋಯಿತು. ಮೈದಾ ಹಿಟ್ಟು ಕುದಿಸಿ, ಚಿಟಿಕೆ ಮೈಲುತುತ್ತ ಹಾಕಿ ತಿರುವಿದ. ಎಷ್ಟೋ ಚುನಾವಣೆಗಳ ಪೋಸ್ಟರು ಹಚ್ಚಿದ ಅಂಟು ಅದು. ಮಳೆಗೆ ಬಿಡುವುದಿಲ್ಲ, ಮೈಲುತುತ್ತದ ವಿಷಕ್ಕೆ ಹುಳ ಹಿಡಿಯುವುದಿಲ್ಲ, ಎದುರು ಪಕ್ಷದವರು ಕೆರೆಯಲು ಬಂದರೆ ಗೋಡೆಯ ಸುಣ್ಣವೇ ಕಿತ್ತು ಬರಬೇಕು, ಕಾಗದ ಬರಬಾರದು. ಅದನ್ನು ಡಬ್ಬಿಯಲ್ಲಿ ತುಂಬಿಕೊಂಡು, ಪೆಂಡಾಲು ಕಟ್ಟುವ ಯಮನೂರನನ್ನು ಕೂಡಿಸಿಕೊಂಡು ಟಂಟಂ ಆಟೋ ಹತ್ತಿದ. ಯಮನೂರನೂ ಪಕ್ಷದವನೇ, ಜಾಫರಸಾಬ ಮುಂದೆ ನಡೆದರೆ ಅವನು ಹಿಂದೆ.

ಹುನಗುಂದದ ಹೊಸ ಮನೆಗೆ ಗೌತಮ ಸಾಗವಾನಿಯ ಬಾಗಿಲು ಮಾಡಿಸಿದ್ದ. ಗೃಹಪ್ರವೇಶದ ಪೆಂಡಾಲೂ ಜಾಫರಸಾಬನದೇ. ಬಾಗಿಲು ತೆರೆದ ಗೌತಮನ ಹೆಂಡತಿ ಸುಧಾರಾಣಿ ಡಬ್ಬಿ, ಬ್ರಷ್ಷು ನೋಡಿ ಅಲ್ಲೇ ನಿಂತಳು.

"ಕಾಕಾ, ಕೈಯಾಗ ಕೊಡ್ರಿ, ಇಸಗೊಂಡ ಇಡ್ತೇನಿ. ಬಾಗಲಕ್ಕ ಹಚ್ಚಬ್ಯಾಡ್ರಿ. ಸಾಲಾ ಮುಳಗಿಸಿದವ್ರ ಮನಿಗೆ ಜಪ್ತಿ ಕಾಗದ ಹಚ್ಚಿಧಂಗ ಕಾಣತೈತಿ."

ಈ ಹೆಣ್ಣುಮಗಳ ಕೈಯ ಚಹಾ ಎಷ್ಟು ಸಲ ಕುಡಿದಿಲ್ಲ! ಜಾಫರಸಾಬ ಗೇಟಿನ ಹೊರಗೆ ಬಂದು ಅಧ್ಯಕ್ಷರಿಗೆ ಫೋನು ಹಚ್ಚಿದ. "ಕೈಯಾಗ ಕೊಟ್ರ ನಾಳೆ ಇಲ್ಲಂತಾರ. ಬಾಗಲಕ್ಕ ಹಚ್ರಿ ಅಂದೆ, ಹಚ್ರಿ" ಎಂದು ಅತ್ತ ಕಡೆಯಿಂದ ಬೈಗುಳದ ದನಿ ಬಂತು. ಜಾಫರಸಾಬ ಬಾಗಿಲಿಗೆ ಮರಳಿದ.

"ಎಲ್ಲಿ ಅದಾನ ಯವ್ವಾ ಅವ? ಒಂದ ಮಾತ ಹೇಳಿಬಿಡು, ನಾನ ಹೋಗಿ ಕರಕೊಂಡ ಬರ್ತೇನಿ. ಇದನ್ನ ಹಚ್ಚೂದ ಬ್ಯಾಡ."

"ನನಗರೆ ಎಲ್ಲಿ ಹೇಳ್ಯಾರ ಕಾಕಾ?" ಎಂದವಳೇ ಸುಧಾರಾಣಿ ಒಳಗೆ ಹೋದಳು. ಜಾಫರಸಾಬ ಹಚ್ಚಿದ. ಅಂಚು ಅಂಚಿಗೆ ಅಂಟು ಬಳಿದು, ಗುಳ್ಳೆ ಏಳದಂತೆ ಅಂಗೈಯಿಂದ ಸವರಿ, ಅಭ್ಯಾಸ ಬಲದಿಂದ ಮೇಲೂ ಒಂದು ಕೈ ಬಳಿದ. ಯಮನೂರ ಫೋಟೋ ಹೊಡೆದ.

ವಿಶ್ವಾಸಮತದ ದಿನ ಗೌತಮ ಸದನಕ್ಕೆ ಬರಲಿಲ್ಲ. ಸರಕಾರ ಹೇಗೋ ತಿಣುಕಾಡಿ ಗೆದ್ದಿತು, ಅದು ಬೇರೆ ಮಾತು. ಮರುದಿನ ಮುಂಜಾನೆ ಹಾಲು ತರಲು ಹೊರಟ ಜಾಫರಸಾಬನನ್ನು ಮಾದೇವಕ್ಕ ಕಟ್ಟೆಯ ಮೇಲಿನಿಂದಲೇ ಕರೆದಳು.

"ಜಾಫರಾ, ಹಾರಿದನಲ್ಲೋ ನಿನ್ನ ಮಗಾ."

"ಹಾರಿದರ ಬಿಡೂದಿಲ್ಲಬೇ. ವಿಪ್ ಹಚ್ಚಿ ಬಂದೇನಿ, ನಾನ ನನ್ನ ಕೈಯಾರೆ. ಕಾಯ್ದೆ ಐತಿ. ಸ್ಪೀಕರ್ ಮುಂದ ನಿಂತ ಯಾಕ ಬರಲಿಲ್ಲ ಅಂತ ಜವಾಬ ಕೊಡಬೇಕಾಗತೈತಿ ಅವ. ಇಲ್ಲಂದ್ರ ಸೀಟ್ ಹೋಗತೈತಿ."

"ಹಂಗಾರ ನೋಡೂಣು. ಅಲ್ಲೀತನಕ ನಿನ್ನ ಕಾಲರ್ ನಿನ್ನ ಹತ್ರ ಇರಲಿ."

ಅವಳು ನಗಲಿಲ್ಲ. ಸುತ್ತ ನಿಂತವರೂ ನಗಲಿಲ್ಲ. ಜಾಫರಸಾಬ ಹಾಲಿನ ಪಾತ್ರೆ ಹಿಡಿದು ಮುಂದೆ ನಡೆದ. ಇನ್ನು ಅವನಿಗೆ ಸರಕಾರ ಇರಲಿ ಬೀಳಲಿ, ಏನೂ ಬೇಕಿರಲಿಲ್ಲ. ಗೌತಮ ಒಂದು ಕಡೆ ನಿಂತು ಜವಾಬು ಕೊಡಬೇಕು, ಅಷ್ಟೇ. ಕೊಟ್ಟರೆ ತಾನು ಈ ಓಣಿಯಲ್ಲಿ ತಲೆ ಎತ್ತಿ ಓಡಾಡಬಹುದು.

ವಾರ ಕಳೆದು ಇನ್ನೊಂದು ವಾರ ನಡೆದಿತ್ತು. ದಿನಾ ಮುಂಜಾನೆ ಪೇಪರು ತಿರುವಿ ಹಾಕುತ್ತಿದ್ದ. ಗೌತಮನ ಮೇಲೆ ದೂರು ಕೊಟ್ಟ ಸುದ್ದಿ ಬರಲಿಲ್ಲ. ಕಡೆಗೆ ಜಿಲ್ಲಾಧ್ಯಕ್ಷರ ಫೋನು ಬಂತು. ದನಿಯಲ್ಲಿ ಸಕ್ಕರೆ ಸುರಿಯುತ್ತಿತ್ತು. "ಜಾಫರಸಾಬ, ನಾಡಿದ್ದ ಹುನಗುಂದದಾಗ ಪೆಂಡಾಲ ಹಾಕ್ರಿ, ಗೌತಮ ಅವ್ರ ಮನಿ ಮುಂದ. ನಾವೆಲ್ಲಾ ಊಟಕ್ಕ ಬರ್ತೇವಿ. ಹಾಂ, ಆ ಬಾಗಲದ ಕಾಗದ ತಗದಬಿಡ್ರಿ."

ಜಾಫರಸಾಬ ಫೋನು ಬಂದ್ ಮಾಡಿದ. ಬಸ್ಸು ಹಿಡಿದು ನೆಟ್ಟಗೆ ಬಾಗಲಕೋಟೆಗೆ ಹೋದ. ನವನಗರದ ಪಕ್ಷದ ಕಚೇರಿಯಲ್ಲಿ ಅಧ್ಯಕ್ಷರು ಮಂಡಕ್ಕಿ ತಿನ್ನುತ್ತಿದ್ದರು.

"ಏನಾತ್ರಿ? ವಿಪ್ ಮುರದಾವ ಅವ" ಎಂದ ಜಾಫರಸಾಬ.

"ಮುರದಾನ. ಪಕ್ಷ ಮಾಫ್ ಮಾಡೇತಿ. ಹದಿನೈದ ದಿನದೊಳಗ ಪಕ್ಷ ಮಾಫ್ ಮಾಡಿದರ ಏನೂ ಆಗೂದಿಲ್ಲ, ಕಾಯ್ದೆದಾಗ ಐತಿ. ಮ್ಯಾಲಿನವ್ರಿಗೆ ಮುಂದಿನ ತಿಂಗಳ ಮೇಲ್ಮನಿ ಎಲೆಕ್ಷನ್‌ಗೆ ಅವನ ವೋಟ್ ಬೇಕ. ತಿಳೀತಿಲ್ಲೋ?"

"ಯಾಕ ಹೋಗಿದ್ದೆ ಅಂತರೆ ಕೇಳಿದ್ರೋ ಇಲ್ಲೋ?"

"ಎಲ್ಲಾ ಕೇಳಾಕ ಬರೂದಿಲ್ರಿ ರಾಜಕಾರಣದಾಗ. ಮಂಡಕ್ಕಿ ತಿನ್ರಿ."

"ಮಾಫ್ ಮಾಡಾಕ ನೀವ್ಯಾರ್ರಿ?" ಜಾಫರಸಾಬನ ದನಿ ಅವನಿಗೇ ಗುರುತು ಸಿಗದಷ್ಟು ಏರಿತ್ತು. "ಅವ ಮೋಸ ಮಾಡಿದ್ದ ನಮ್ಮ ಓಣಿಗೆ. ವೋಟ್ ಹಾಕಿದವ್ರ ಅವ್ರು. ಅವ್ರನ್ನ ಯಾರ ಕೇಳಿದ್ರು? ಒಬ್ಬರಿಗೆ ಹೊಡದ ಪೆಟ್ಟಿಗೆ ಇನ್ನೊಬ್ಬರು ಮಾಫಿ ಕೊಡತಾರೇನ್ರಿ?"

ಅಧ್ಯಕ್ಷರು ಮಂಡಕ್ಕಿಯಲ್ಲಿದ್ದ ಮೆಣಸಿನಕಾಯಿ ಆರಿಸಿ ಪಕ್ಕಕ್ಕಿಟ್ಟರು. "ನೀವು ಪಕ್ಷದ ಮನಷ್ಯಾರೋ, ಓಣಿ ಮನಷ್ಯಾರೋ?" ಎಂದು ತಣ್ಣಗೆ ಕೇಳಿದರು. ಎರಡೂ ಒಂದೇ ಎಂದು ಇಷ್ಟು ವರ್ಷ ನಂಬಿ ಬದುಕಿದವನು ಎದ್ದು ಬಂದ. ಬರುವಾಗ ಬಸ್ಸಿನಲ್ಲಿ ಕಿಟಕಿಯ ಸರಳು ಹಿಡಿದು ಕೂತವನಿಗೆ ಕೇಳಬೇಕಾಗಿದ್ದ ಮಾತುಗಳೆಲ್ಲ ಒಂದೊಂದಾಗಿ ನೆನಪಾಗಿ, ತನ್ನ ಮೇಲೆಯೇ ಸಿಟ್ಟು ಬಂತು.

ಆದರೂ ಪೆಂಡಾಲು ಹಾಕಿದ. ಯಾಕೆ ಹಾಕುತ್ತೀರಿ ಎಂದು ಅಬೇದಾ ಕೇಳಿದಾಗ, "ಅಲ್ಲೆರೆ ಅವ ಕೈಗೆ ಸಿಗತಾನ, ಓಣಿಗೆ ಒಮ್ಮೆ ಬಾ ಅಂತ ಕೇಳತೇನಿ" ಎಂದ. ಅಬೇದಾ ಹಣೆ ಬಡಿದುಕೊಂಡಳು. ನನ್ನನ್ನು ಕೇಳಿದರೆ ಅವಳು ಬಡಿದುಕೊಂಡದ್ದೇ ಸರಿ.

ಮೊದಲು ಕಾಗದ ತೆಗೆಯಬೇಕಿತ್ತು. ಸುಧಾರಾಣಿ ಬಿಸಿನೀರು ಕೊಟ್ಟಳು. ಜಾಫರಸಾಬ ಅರಿವೆ ಅದ್ದಿ ಒತ್ತಿದ, ಕುರ್ಪಿಯಿಂದ ಕೆರೆದ, ಉಗುರು ಹಾಕಿದ. ಮೇಲಿನ ಅರ್ಧ ಚೂರು ಚೂರಾಗಿ, ಸಾಗವಾನಿಯ ಪಾಲಿಶನ್ನೂ ಕಿತ್ತುಕೊಂಡು ಬಂತು. ಕೆಳಗಿನ ಅರ್ಧ ಜಪ್ಪಯ್ಯ ಎಂದರೂ ಅಲ್ಲಾಡಲಿಲ್ಲ. ಅಂಚಿನಲ್ಲೆಲ್ಲ ಮೈಲುತುತ್ತದ ಹಸಿರು ಕಲೆ ಬೇರೆ. ಉಳಿದ ತುಂಡಿನ ಮೇಲೆ "ತಪ್ಪಿದಲ್ಲಿ ಕಾನೂನು ರೀತ್ಯ ಕ್ರಮ ಎದುರಿಸಬೇಕಾಗುತ್ತದೆ" ಎಂದು ಸ್ಪಷ್ಟವಾಗಿ ಓದಲು ಬರುತ್ತಿತ್ತು. ಜೀವನದಲ್ಲಿ ಕಲಿತ ಒಂದೇ ಒಂದು ವಿದ್ಯೆ ಹೀಗೆ ತಿರುಗಿ ಬೀಳುತ್ತದೆ ಎಂದು ಯಾರಿಗೆ ಗೊತ್ತಿತ್ತು?

"ಸಾಕ ಬಿಡ್ರಿ ಕಾಕಾ. ಇನ್ನ ಕೆರದರ ಬಾಗಲಾ ಉಳ್ಯೂದಿಲ್ಲ" ಎಂದಳು ಸುಧಾರಾಣಿ. ತೊಯ್ದ ಅರಿವೆ ಹಿಂಡುತ್ತ, "ಎಲ್ಲಿ ಹೋಗಿದ್ರಿ ಅಂತ ಅವ್ರಿಗೆ ನಾನೂ ಕೇಳೇನಿ. ನಿನಗ ತಿಳ್ಯೂದಿಲ್ಲ ಅಂದ್ರು" ಎಂದು ನೀರಿನ ಬಕೆಟ್ಟು ಎತ್ತಿಕೊಂಡು ಒಳಗೆ ಹೋದಳು.

ಕಡೆಗೆ ಯಮನೂರ ಆ ಬಾಗಿಲಿನ ಮೇಲೆಯೇ ಫ್ಲೆಕ್ಸ್ ಕಟ್ಟಿದ. ಅಧ್ಯಕ್ಷರು, ಗೌತಮ ಕೈ ಕೈ ಹಿಡಿದು ಮೇಲೆತ್ತಿದ್ದ ಫೋಟೋ, ಕೆಳಗೆ "ನಾವೆಲ್ಲ ಒಂದೇ" ಎಂಬ ಬರಹ. ಮರುದಿನ ಹಾರ ಬಂದವು, ಪಟಾಕಿ ಹಾರಿತು. ಗೌತಮ ಬಂದ; ಅದೇ ಬಿಳಿ ಅಂಗಿ, ಅದೇ ಮೆತ್ತಗಿನ ನಗು. ಊಟವಾದ ಮೇಲೆ ಕೈ ತೊಳೆಯಲು ಎದ್ದವನನ್ನು ಜಾಫರಸಾಬ ನಳದ ಹತ್ತಿರ ಹಿಡಿದ.

"ಯಾಕ ಹೋಗಿದ್ದೆಪ್ಪಾ?"

"ಕಾಕಾ! ಭಾರಿ ಗಟ್ಟಿ ಅಂಟ ಮಾಡೀರಿ ಬಿಡ್ರಿ" ಎಂದು ಗೌತಮ ನಕ್ಕ.

"ನಾ ಕೇಳಿದ್ದ ಬ್ಯಾರೆ. ಬನಶಂಕರ್ಯಾಗ ರೊಟ್ಟಿ ಕೈಯಾಗ ಹಿಡಕೊಂಡ ಏನಂದಿದ್ದಿ? ನನಗ ಹೇಳಬ್ಯಾಡ. ಒಮ್ಮೆ ನಮ್ಮ ಓಣಿಗೆ ಬಾ, ಮಾದೇವಕ್ಕನ ಕಟ್ಟಿ ಮ್ಯಾಲ ಐದ ಮಿನಿಟ್ ಕೂಡು. ತಪ್ಪಾತು ಅನ್ನು, ಇಲ್ಲಾ ನಾ ಮಾಡಿದ್ದ ಬರೋಬ್ಬರಿ ಅನ್ನು. ಏನರೆ ಅನ್ನು. ಬಾಯಿ ತಗದ ಹೇಳು, ಸಾಕು."

ಗೌತಮ ಕರವಸ್ತ್ರದಿಂದ ಬೆರಳು ಒಂದೊಂದಾಗಿ ಒರೆಸಿಕೊಂಡ. "ಬರ್ತೇನಿ ಕಾಕಾ. ಬಂದ ಬರ್ತೇನಿ. ಸ್ವಲ್ಪ ವಾತಾವರಣ ತಿಳಿಯಾಗಲಿ." ಹೆಗಲ ಮೇಲೆ ಕೈ ಇಟ್ಟು ಒತ್ತಿ, ಹಾಗೆಯೇ ಬಾಗಿಲ ಮುಂದೆ ಫೋಟೋಕ್ಕೆ ನಿಲ್ಲಲು ಹೋದ.

ಅಷ್ಟರಲ್ಲಿ ಗಾಳಿ ಬೀಸಿತು. ಫ್ಲೆಕ್ಸಿನ ಒಂದು ಮೂಲೆಯ ಹಗ್ಗ ಬಿಚ್ಚಿ ಅದು ಪಕ್ಕಕ್ಕೆ ಮಡಚಿಕೊಂಡಿತು. ಕ್ಯಾಮರಾದವನು ಅದೇ ಗಳಿಗೆಯಲ್ಲಿ ಫೋಟೋ ಹೊಡೆದ. ಸಂಜೆಯೊಳಗೆ ಜಿಲ್ಲೆಯ ಮೊಬೈಲುಗಳಲ್ಲೆಲ್ಲ ಆ ಫೋಟೋ ಓಡಾಡಿತು: ಗೌತಮನೂ ಅಧ್ಯಕ್ಷರೂ ಹಲ್ಲು ಕಿರಿದು ನಿಂತಿದ್ದಾರೆ, ಇಬ್ಬರ ತಲೆಗಳ ನಡುವೆ, ಬಾಗಿಲಿನ ಮೇಲೆ, "ತಪ್ಪಿದಲ್ಲಿ ಕಾನೂನು ರೀತ್ಯ ಕ್ರಮ". ಜಾಫರಸಾಬ ಬೇಕೆಂದೇ ಹಗ್ಗ ಸಡಿಲು ಕಟ್ಟಿಸಿದ ಎಂದರು ಪಕ್ಷದವರು. ಖರೆ ಹೇಳಬೇಕೆಂದರೆ ಅವನಿಗೆ ಅಷ್ಟು ಬುದ್ಧಿ ಹೊಳೆದಿದ್ದರೆ ನನಗೂ ಸಂತೋಷವಾಗುತ್ತಿತ್ತು.

ಮೂರನೆಯ ದಿನ ಯಮನೂರ ಜಾಫರಸಾಬನ ಬಾಗಿಲಲ್ಲಿ ಬಂದು ನಿಂತ. ಕೈಯಲ್ಲೊಂದು ಕಾಗದ, ಮುಖ ನೆಲ ನೋಡುತ್ತಿತ್ತು.

"ಏನಲೇ ಅದು?"

"ಬಾಗಲಕೋಟಿಯಿಂದ ಕಳಿಸ್ಯಾರ್ರಿ ಮಾಮಾ. ನಿಮಗ ನೋಟಿಸ್. ಪಕ್ಷದ ಶಾಸಕರ ಮಾನ ಕಳದೀರಿ, ಯಾಕ ನಿಮ್ಮನ್ನ ಹೊರಗ ಹಾಕಬಾರದು ಅಂತ ವಾರದೊಳಗ ಜವಾಬ ಕೊಡಬೇಕಂತ. ಬಾಗಲಕ್ಕ ಹಚ್ಚಿ ಫೋಟೋ ಕಳಸು ಅಂದಾರ. ನಾ ವಲ್ಲೆ ಅಂದ್ನಿರಿ, ನಿನ್ನೂ ತಗದ ಹಾಕತೇವಿ ಅಂದ್ರು." ಯಮನೂರ ಅತ್ತೇಬಿಟ್ಟ.

ಜಾಫರಸಾಬ ಕಾಗದ ಇಸಿದುಕೊಂಡು ನಿಂತೇ ಓದಿದ. ವಿಪ್ ಮುರಿದವನಿಗೆ ಒಂದು ಪ್ರಶ್ನೆ ಕೇಳಲಾಗದ ಪಕ್ಷ, ವಿಪ್ ಹಚ್ಚಿದವನಿಗೆ ಅಂಕಿ ಹಾಕಿ ಪ್ರಶ್ನೆ ಕೇಳಿತ್ತು. ಕಿರುಚಬೇಕೆನಿಸಿತು, ಯಾರ ಮೇಲೆ ಕಿರುಚುವುದು? ಒಳಗೆ ಹೋಗಿ ಡಬ್ಬಿ ತಂದ. ತಳದಲ್ಲಿ ಉಳಿದಿದ್ದ ಅಂಟಿಗೆ ನೀರು ಬೆರೆಸಿ, ತನ್ನ ಬಾಗಿಲಿಗೆ ತಾನೇ ಬಳಿದು, ಅಂಚು ಅಂಚಿಗೆ ಒತ್ತಿ, ಕಾಗದ ಹಚ್ಚಿದ.

"ಹೊಡಿ ಫೋಟೋ."

ಯಮನೂರ ಕಣ್ಣೊರೆಸಿಕೊಂಡು ಫೋಟೋ ಹೊಡೆದ. ಓಣಿಯ ಮಂದಿ ಒಬ್ಬೊಬ್ಬರಾಗಿ ಹೊರಗೆ ಬಂದರು. ಮಗ್ಗದ ಸದ್ದು ನಿಂತಿತು. ಮಾದೇವಕ್ಕ ಸೀರೆಯ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು.

"ಏನಂತ ಬರದಾರೋ ಅದರಾಗ?"

"ಜವಾಬ ಕೇಳ್ಯಾರಬೇ."

"ನಿನಗ?"

"ನನಗ."

"ಅವಗ?"

"ಅವಗ ಮಾಫ್ ಆಗೇತಿ."

ಮಾದೇವಕ್ಕ ಆ ಕಾಗದವನ್ನೇ ನೋಡುತ್ತ ನಿಂತಳು, ಓದು ಬಾರದಿದ್ದರೂ. ಜಾಫರಸಾಬ ಅವಳ ಮುಂದೆ ಹೋಗಿ ಕುತ್ತಿಗೆ ಚಾಚಿದ. "ಹಿಡಿಯಬೇ. ಕೊಟ್ಟ ಮಾತ ಕೊಟ್ಟಂಗ. ಎಲ್ಲಾರ ಮುಂದ ಹಿಡಿ."

ಹಿಡಿಯಲಿ ಎಂದು ಅವನಿಗೆ ನಿಜಕ್ಕೂ ಇತ್ತು. ಹಿಡಿದು ನಾಲ್ಕು ಮಾತು ಬೈದಿದ್ದರೆ ಲೆಕ್ಕ ಮುಗಿಯುತ್ತಿತ್ತು, ರಾತ್ರಿ ನಿದ್ದೆಯಾದರೂ ಬರುತ್ತಿತ್ತು. ಮಾದೇವಕ್ಕ ಕೈ ಎತ್ತಲಿಲ್ಲ.

"ನಿನ್ನ ಕಾಲರ್ ಹಿಡದ ಏನ ಮಾಡಲೋ? ನೀ ಎಲ್ಲೂ ಓಡಿ ಹೋಗಿಲ್ಲಲ್ಲ." ಅವಳ ದನಿಯಲ್ಲಿ ಕರುಣೆ ಇರಲಿಲ್ಲ, ಸುಸ್ತಿತ್ತು. "ಇಲ್ಲೇ ಇರಾವನ ಕಾಲರ್ ಇಟ್ಟಕೊಂಡ ವೋಟ್ ಹಾಕಿದ್ದ ನಮ್ಮ ತಪ್ಪ. ಮುಂದಿನ ಸಲ ಮೈಕ್ ಹಿಡಕೊಂಡ ಬಂದ್ರ ನಿನ್ನ ಕಾಲರ್ ತರಬ್ಯಾಡ. ವೋಟ್ ಕೇಳಾವನ್ದ ತೊಗೊಂಡ ಬಾ."

ಅಷ್ಟು ಹೇಳಿ ತನ್ನ ಮನೆಗೆ ಹೋದಳು. ಮಂದಿ ಕರಗಿದರು. ಜಾಫರಸಾಬ ಬಾಗಿಲ ಮುಂದೆ ಡಬ್ಬಿ ಹಿಡಿದು ನಿಂತೇ ಇದ್ದ. ಸ್ವಲ್ಪ ಹೊತ್ತಿಗೆ ಮಾದೇವಕ್ಕನ ಮಗ್ಗ ಮತ್ತೆ ಸುರುವಾಯಿತು.